ಉತಾರದೊಳಗಿನ ಬೀಗ: ಕೀಲಿ ಯಾರ ಕೈಯಲ್ಲಿರಬೇಕು?

ದೇವಣಗಾಂವ (ಆಲಮೇಲ): ಭೀಮಾ ನದಿ ದಂಡೆಯ ಈ ಭಾಗದಲ್ಲಿ ರೈತನೊಬ್ಬನ ಬದುಕಿನ ಬಹುತೇಕ ವ್ಯವಹಾರಗಳು ಉತಾರ ಎಂಬ ಒಂದು ಹಾಳೆಯ ಮೇಲೆ ನಿಂತಿವೆ. ಬೆಳೆಸಾಲಕ್ಕೂ ಬೆಳೆ ವಿಮೆಗೂ ಅದೇ ಬೇಕು, ಅಣ್ಣತಮ್ಮಂದಿರ ವಾಟ್ನಿಗೂ ಅದೇ ಆಧಾರ. ನದಿ ಉಕ್ಕಿ ತೊಗರಿ, ಹತ್ತಿ, ಕಬ್ಬು ನೀರುಪಾಲಾದಾಗ ಸರ್ಕಾರದ ಪರಿಹಾರ ಯಾರ ಖಾತೆಗೆ ಜಮೆಯಾಗಬೇಕೆಂಬುದನ್ನೂ ಅದರಲ್ಲಿರುವ ಹೆಸರೇ ನಿರ್ಧರಿಸುತ್ತದೆ. ಆ ಹಾಳೆಯ ಮೇಲೆ ಇರಬಾರದ ನಮೂದೊಂದು ಉಳಿದುಬಿಟ್ಟರೆ, ಅದನ್ನು ತೆಗೆಸಲು ಹೋದ ರೈತನಿಗೆ ಕಚೇರಿಯ ಕಿಟಕಿಯಲ್ಲಿ ಸಿಗುವ ಉತ್ತರ ಈ ಭಾಗದವರಿಗೆಲ್ಲ ಪರಿಚಿತ: ‘ಸಿಸ್ಟಮ್ ತಗೊಳ್ಳವಲ್ದು.’

ಈ ಮಾತನ್ನು ಸೋಮಾರಿ ಸಿಬ್ಬಂದಿಯ ನೆಪವೆಂದು ತಳ್ಳಿಹಾಕುವುದು ಸುಲಭ. ಅನೇಕ ಸಂದರ್ಭಗಳಲ್ಲಿ ಅದು ಅಕ್ಷರಶಃ ನಿಜವೂ ಆಗಿರುತ್ತದೆ. ಗಣಕದೊಳಗಿನ ನಿಯಮವೊಂದು ಆ ಕಡತವನ್ನು ಮುಕ್ತಾಯಗೊಳಿಸಲು ಬಿಡುತ್ತಿರುವುದಿಲ್ಲ. ಹಾಗಾದರೆ ಆ ನಿಯಮವನ್ನು ಬದಿಗೊತ್ತಿ ಕೆಲಸ ಮುಗಿಸಬಹುದೇ? ಮುಗಿಸಿದರೆ ಏನಾಗುತ್ತದೆ? ಈ ಪ್ರಶ್ನೆ ಬೆಂಗಳೂರಿನ ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಇಂಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಎದ್ದ ಆತಂಕ ಇದೇ ಪ್ರಶ್ನೆಯ ಇನ್ನೊಂದು ಮುಖವಾಗಿತ್ತು.

ತಲಾಠಿಯ ದಫ್ತರದಿಂದ ಗಣಕಕ್ಕೆ

ಭೂದಾಖಲೆ ಗಣಕೀಕರಣದ ಪ್ರಯೋಗ ನಮ್ಮ ರಾಜ್ಯದಲ್ಲಿ ಮೊದಲು ನಡೆದದ್ದು ಭೀಮೆಯ ಆಚೆ ದಂಡೆಯ ಗುಲ್ಬರ್ಗ ಜಿಲ್ಲೆಯಲ್ಲಿ, 1991ರಲ್ಲಿ. ಅದು ರಾಜ್ಯವ್ಯಾಪಿ ಸ್ವರೂಪ ಪಡೆಯಲು ಸುಮಾರು ಒಂದು ದಶಕ ಹಿಡಿಯಿತು. ‘ಭೂಮಿ’ ಯೋಜನೆಯಡಿ ಅಂದಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಅಂದಾಜು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಲಾಯಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅದರ ತಂತ್ರಾಂಶವನ್ನು ರೂಪಿಸಿತು. ಒಂದೊಂದು ತಾಲ್ಲೂಕು ಗಣಕೀಕರಣಗೊಂಡಂತೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು. ಕಿಯಾಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುವ ವ್ಯವಸ್ಥೆ ಜಾರಿಗೆ ಬಂತು.

ಅದಕ್ಕೂ ಮೊದಲು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ದಫ್ತರಗಳಲ್ಲಿ ದಾಖಲೆಗಳಿದ್ದವು. ನಮ್ಮ ಹಳಬರು ಅವರನ್ನು ಇಂದಿಗೂ ತಲಾಠಿ ಎಂದೇ ಕರೆಯುತ್ತಾರೆ. ಆ ದಫ್ತರದಲ್ಲಿ ಯಾವ ಹೆಸರು ಯಾವಾಗ ಸೇರಿತು, ಯಾವುದರ ಮೇಲೆ ಗೀಟು ಬಿತ್ತು ಎಂಬುದು ಊರಿಗೆ ತಿಳಿಯುವ ದಾರಿ ಇರಲಿಲ್ಲ. ‘ಭೂಮಿ’ ಆ ಕತ್ತಲೆಯನ್ನು ಬಹುಮಟ್ಟಿಗೆ ನಿವಾರಿಸಿತು. ಹಕ್ಕು ಬದಲಾವಣೆ ಅರ್ಜಿಗೆ ಸರದಿ ಸಂಖ್ಯೆ ಬಂತು. ಮೊದಲು ಬಂದ ಅರ್ಜಿಯನ್ನು ಬಿಟ್ಟು ನಂತರದ್ದನ್ನು ಕೈಗೆತ್ತಿಕೊಳ್ಳಲು ತಂತ್ರಾಂಶ ಒಪ್ಪುತ್ತಿರಲಿಲ್ಲ. ಅಧಿಕಾರಿ ಹೆಬ್ಬೆರಳ ಗುರುತು ಕೊಟ್ಟ ನಂತರವೇ ನಮೂದು ಬದಲಾಗುತ್ತಿತ್ತು. ನೋಟಿಸು ಹೊರಡಿಸಿ 30 ದಿನಗಳ ಆಕ್ಷೇಪಣೆಯ ಅವಧಿ ಮುಗಿಯುವವರೆಗೆ ಕಡತ ಮುಂದೆ ಸಾಗುತ್ತಿರಲಿಲ್ಲ. ಈ ಅವಧಿಯನ್ನು ಮುಂದೆ ಕಡಿಮೆ ಮಾಡಲಾಯಿತು.

ಅಂದರೆ ‘ಸಿಸ್ಟಮ್ ತಗೊಳ್ಳವಲ್ದು’ ಎಂಬುದು ಆರಂಭದಲ್ಲಿ ಬಡ ರೈತನ ಪರವಾಗಿದ್ದ ಮಾತು. ಪ್ರಭಾವಿಯೊಬ್ಬರು ಬಂದು ತಮ್ಮ ಕಡತವನ್ನು ಮೊದಲು ಮುಗಿಸಿಕೊಡಿ ಎಂದರೆ, ಗಣಕ ಒಪ್ಪುವುದಿಲ್ಲ ಎಂದು ಸಿಬ್ಬಂದಿ ಧೈರ್ಯವಾಗಿ ಹೇಳಬಹುದಿತ್ತು. ಬೀಗ ಹಾಕಿದ್ದು ಸಕಾರಣವಾಗಿಯೇ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ಟ್ರಿಗರ್ ಎಂಬ ಕಾವಲುಗಾರ

ಗಣಕ ಇಂಥ ನಿಯಮವನ್ನು ಪಾಲಿಸುವುದು ಹೇಗೆ? ಅದಕ್ಕೆ ಮುಖ್ಯವಾಗಿ ಎರಡು ಜಾಗಗಳಿವೆ. ಸಿಬ್ಬಂದಿ ನೋಡುವ ಪರದೆಯ ಹಿಂದಿರುವ ಪ್ರೋಗ್ರಾಂ ಒಂದು. ದಾಖಲೆಗಳನ್ನು ಶೇಖರಿಸಿಟ್ಟಿರುವ ಡಾಟಾಬೇಸ್ ಇನ್ನೊಂದು. ಡಾಟಾಬೇಸ್‌ನೊಳಗೆ ಕುಳಿತು, ದಾಖಲೆಯೊಂದನ್ನು ಸೇರಿಸುವಾಗ, ತಿದ್ದುವಾಗ ಅಥವಾ ಅಳಿಸುವಾಗ ತಾನಾಗಿಯೇ ಎಚ್ಚೆತ್ತು ಪರೀಕ್ಷೆ ನಡೆಸುವ ಪುಟ್ಟ ಆದೇಶಗುಚ್ಛಕ್ಕೆ ಟ್ರಿಗರ್ ಎಂದು ಹೆಸರು.

ಕಾಳಿನ ಗೋದಾಮಿನ ಬಾಗಿಲಲ್ಲಿ ಕುಳಿತ ಕಾವಲುಗಾರನನ್ನು ಕಲ್ಪಿಸಿಕೊಳ್ಳಬಹುದು. ಚೀಟಿ ಇಲ್ಲದೆ ಒಂದು ಚೀಲವನ್ನೂ ಹೊರಗೆ ಬಿಡಬೇಡ ಎಂದು ಯಜಮಾನ ಅವನಿಗೆ ತಾಕೀತು ಮಾಡಿದ್ದಾನೆ. ಚೀಲ ಹೊರಲು ಬಂದವನು ಯಾವ ದಾರಿಯಿಂದ ಬಂದ, ಯಾರ ಮಗ ಎಂಬುದು ಕಾವಲುಗಾರನಿಗೆ ಬೇಕಿಲ್ಲ. ಚೀಟಿ ಇದ್ದರೆ ಬಿಡುತ್ತಾನೆ, ಇಲ್ಲದಿದ್ದರೆ ತಡೆಯುತ್ತಾನೆ. ಟ್ರಿಗರ್‌ನ ಬಲ ಇರುವುದು ಇಲ್ಲಿಯೇ. ಬಳಸುವ ಪ್ರೋಗ್ರಾಂ ಹಳೆಯದಿರಲಿ ಹೊಸದಿರಲಿ, ಪರದೆ ಯಾವುದೇ ಇರಲಿ, ಅದರ ಮೂಲಕ ಬರುವ ಪ್ರತಿಯೊಂದು ಬದಲಾವಣೆಗೂ ನಿಯಮ ಅನ್ವಯವಾಗುತ್ತದೆ.

ತೊಂದರೆ ಹುಟ್ಟುವುದು ಯಜಮಾನ ನಿಯಮ ಬದಲಿಸಿ, ಕಾವಲುಗಾರನಿಗೆ ಹೇಳುವುದನ್ನು ಮರೆತಾಗ. ಇಪ್ಪತ್ತು ವರ್ಷಗಳ ಹಿಂದೆ ಬರೆದ ತಂತ್ರಾಂಶಗಳನ್ನು ಬರೆದವರು ಇಂದು ಬೇರೆ ಕೆಲಸಗಳಲ್ಲಿದ್ದಾರೆ ಅಥವಾ ನಿವೃತ್ತರಾಗಿದ್ದಾರೆ. ಯಾವ ಟ್ರಿಗರ್ ಏಕೆ ಇದೆ ಎಂಬ ಟಿಪ್ಪಣಿ ಉಳಿದಿರುವುದು ಅಪರೂಪ. ಇತ್ತ ಕಾನೂನು, ಆಡಳಿತ ಎರಡೂ ಬದಲಾಗುತ್ತ ಹೋದವು. ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾದವು. ಬಿಜಾಪುರ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ವಿಜಯಪುರವಾಯಿತು. ಐದು ತಾಲ್ಲೂಕುಗಳಿದ್ದ ಜಿಲ್ಲೆ ಒಡೆದು ತಿಕೋಟಾ, ಚಡಚಣ, ದೇವರಹಿಪ್ಪರಗಿ, ಆಲಮೇಲ ಮೊದಲಾದ ಹೊಸ ತಾಲ್ಲೂಕುಗಳು ಹುಟ್ಟಿಕೊಂಡವು. ಇಂಥ ಪ್ರತಿ ಬದಲಾವಣೆಯೂ ಹಳೆಯ ನಿಯಮಗಳನ್ನು ಮರುಪರಿಶೀಲಿಸುವ ಕೆಲಸವನ್ನು ಹೊತ್ತು ತರುತ್ತದೆ. ಆ ಕೆಲಸ ಅರ್ಧವಾದರೆ, ಕಾನೂನಿನಲ್ಲಿ ಇಲ್ಲದ ತಡೆ ಗಣಕದಲ್ಲಿ ಉಳಿದುಬಿಡುತ್ತದೆ.

ಹೆಸರಿನ ಕಾಗುಣಿತವೂ ಸಾಕು. ಈ ಊರನ್ನೇ ಒಬ್ಬರು ದೇವಣಗಾಂವ ಎಂದು, ಇನ್ನೊಬ್ಬರು ದೇವಣಗಾವ ಎಂದು ಬರೆಯುತ್ತಾರೆ. ಓದುಗನಿಗೆ ಎರಡೂ ಒಂದೇ ಊರು. ಅಕ್ಷರಕ್ಕೆ ಅಕ್ಷರ ಹೋಲಿಸುವ ಗಣಕಕ್ಕೆ ಅವು ಬೇರೆ ಬೇರೆ. ಆಧಾರ್‌ನಲ್ಲಿ ಒಂದು ರೀತಿ, ಉತಾರದಲ್ಲಿ ಇನ್ನೊಂದು ರೀತಿ ಹೆಸರಿದ್ದರೆ ಎರಡೂ ಒಂದೇ ವ್ಯಕ್ತಿಯದೆಂದು ಅದು ಒಪ್ಪುವುದಿಲ್ಲ.

ಕಳ್ಳದಾರಿಗಳು

ಕಡತ ಸಿಕ್ಕಿಹಾಕಿಕೊಂಡಾಗ, ಮೇಲಿನಿಂದ ಒತ್ತಡ ಬಂದಾಗ, ಅಡ್ಡದಾರಿಗಳು ಹುಟ್ಟುತ್ತವೆ. ಇದು ಭೂದಾಖಲೆಗೆ ಸೀಮಿತವಾದ ಮಾತಲ್ಲ. ಹಳೆಯ ತಂತ್ರಾಂಶವಿರುವ ಯಾವ ಕಚೇರಿಗಾದರೂ, ಬ್ಯಾಂಕಿಗಾದರೂ, ಕಾರ್ಖಾನೆಗಾದರೂ ಅನ್ವಯಿಸುತ್ತದೆ.

ಮೊದಲನೆಯ ದಾರಿ ಟ್ರಿಗರ್ ಅನ್ನೇ ನಿಷ್ಕ್ರಿಯಗೊಳಿಸುವುದು. ಡಾಟಾಬೇಸ್‌ನ ಉಸ್ತುವಾರಿಗೆ ಇದು ಒಂದು ಸಾಲಿನ ಆದೇಶ. ಆದರೆ ಎಸ್‌ಕ್ಯೂಎಲ್ ಸರ್ವರ್‌ನಂಥ ವ್ಯವಸ್ಥೆಯಲ್ಲಿ ಹೀಗೆ ಮಾಡಿದ ಕ್ಷಣ, ಆದೇಶ ಕೊಟ್ಟವನಿಗೆ ಮಾತ್ರವಲ್ಲದೆ ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವ ಎಲ್ಲರಿಗೂ ಕಾವಲು ತಪ್ಪುತ್ತದೆ. ಒಂದು ಕಡತಕ್ಕೆಂದು ಬಾಗಿಲು ತೆರೆದರೆ, ಅದೇ ಹತ್ತು ನಿಮಿಷದಲ್ಲಿ ಬೇರೆಡೆಯಿಂದ ಬಂದ ತಪ್ಪು ನಮೂದುಗಳೂ ಒಳಗೆ ನುಸುಳಬಹುದು. ಕೆಲಸ ಮುಗಿದ ಮೇಲೆ ಟ್ರಿಗರ್ ಅನ್ನು ಮತ್ತೆ ಚಾಲೂ ಮಾಡುವುದನ್ನು ಮರೆತರೆ, ಕಾವಲಿಲ್ಲದ ಗೋದಾಮು ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಎರಡನೆಯದು ಟ್ರಿಗರ್‌ಗೆ ಸುಳಿವು ಸಿಗದಂತೆ ಕೆಲಸ ಮುಗಿಸುವುದು. ಇಡೀ ಪಟ್ಟಿಯನ್ನು ಒಂದೇ ಏಟಿಗೆ ಬರಿದು ಮಾಡುವ ‘ಟ್ರಂಕೇಟ್’ ಆದೇಶಕ್ಕೆ ಅಳಿಸುವಿಕೆಯ ಟ್ರಿಗರ್‌ಗಳು ಎಚ್ಚೆತ್ತುಕೊಳ್ಳುವುದಿಲ್ಲ. ರಾಶಿ ದಾಖಲೆಗಳನ್ನು ಒಮ್ಮೆಗೇ ತುಂಬುವ ಸಾಧನಗಳೂ, ವಿಶೇಷವಾಗಿ ಸೂಚಿಸದ ಹೊರತು, ಟ್ರಿಗರ್‌ಗಳನ್ನು ದಾಟಿಯೇ ಹೋಗುತ್ತವೆ. ಯಾರು, ಯಾವಾಗ, ಏನು ಬದಲಿಸಿದರು ಎಂದು ಬರೆದಿಡುವ ಕೆಲಸವನ್ನೂ ಅದೇ ಟ್ರಿಗರ್ ಮಾಡುತ್ತಿದ್ದರೆ, ಬದಲಾವಣೆಯ ಜೊತೆಗೆ ಅದರ ಗುರುತೂ ಇಲ್ಲವಾಗುತ್ತದೆ.

ಮೂರನೆಯದು ತಿಳಿಯದೆ ಆಗುವ ಅವಘಡ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟ್ರಿಗರ್ ಒಂದು ಆದೇಶಕ್ಕೆ ಒಂದೇ ಸಲ ಓಡುತ್ತದೆ. ಆ ಆದೇಶ ಒಂದು ಸಾಲನ್ನು ಮುಟ್ಟಿದರೂ ಅಷ್ಟೇ, ಐನೂರು ಸಾಲುಗಳನ್ನು ಮುಟ್ಟಿದರೂ ಅಷ್ಟೇ. ಬರೆದಾತ ಒಂದೊಂದೇ ದಾಖಲೆ ಬರುತ್ತದೆಂದು ಎಣಿಸಿ ಬರೆದಿದ್ದರೆ, ಐನೂರರಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿ ಉಳಿದವನ್ನು ಬಿಟ್ಟುಬಿಡುತ್ತದೆ. ವರ್ಷಗಟ್ಟಲೆ ಸರಿಯಾಗಿ ನಡೆದ ವ್ಯವಸ್ಥೆ, ‘ಬಾಕಿ ಕಡತಗಳ ವಿಲೇವಾರಿ ಅಭಿಯಾನ’ ನಡೆದ ದಿನವೇ ಎಡವುವುದು ಈ ಕಾರಣಕ್ಕೆ.

ನಾಲ್ಕನೆಯ ದಾರಿಗೆ ತಂತ್ರಜ್ಞಾನದ ಅಗತ್ಯವೇ ಇಲ್ಲ. ಮುಗಿಸಲಾಗದ ಅರ್ಜಿಯನ್ನು ತಿರಸ್ಕರಿಸಿದರಾಯಿತು. ಸಕಾಲ ಕಾಯ್ದೆ 2011ರಲ್ಲಿ ಬಂತು, 2012ರ ಏಪ್ರಿಲ್‌ನಿಂದ ಸೇವೆಗೆ ಗಡುವು ನಿಗದಿಯಾಯಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರನಿಗೆ ಕೊಡಬೇಕೆಂದು ಕಾಯ್ದೆ ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ತಿರಸ್ಕೃತ ಅರ್ಜಿಯೂ ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದೆ. ಅಂಕಿಅಂಶದಲ್ಲಿ ಬಾಕಿ ಕರಗುತ್ತದೆ. ರೈತ ಮಾತ್ರ ಹೊಸ ಅರ್ಜಿ ಹಿಡಿದು ಮತ್ತೆ ಅದೇ ಸರದಿಯ ಕೊನೆಯಲ್ಲಿ ನಿಲ್ಲುತ್ತಾನೆ.

ಇಂಡಿಯ ಪಾಠ

2024ರ ಅಕ್ಟೋಬರ್‌ನಲ್ಲಿ ಜಿಲ್ಲೆಯಲ್ಲಿ ವಕ್ಫ್ ಆಸ್ತಿ ನೋಟಿಸುಗಳ ಕುರಿತು ಭಾರೀ ಕೋಲಾಹಲ ಎದ್ದಿತು. ತಿಕೋಟಾ ತಾಲ್ಲೂಕಿನ ಹೊನವಾಡದಲ್ಲಿ ಸುಮಾರು 1,200 ಎಕರೆ ರೈತರ ಕೈತಪ್ಪಲಿದೆ ಎಂಬ ಸುದ್ದಿ ಹಬ್ಬಿತು. ಅದು ಗೆಜೆಟ್‌ನಲ್ಲಾದ ತಪ್ಪು, 1974ರ ಅಧಿಸೂಚನೆಯಲ್ಲಿ ವಿಜಯಪುರದ ಮಹಲಬಾಗಾಯತ್ ಪಕ್ಕದ ಆವರಣದಲ್ಲಿ ಹೊನವಾಡದ ಹೆಸರು ಸೇರಿಹೋಗಿತ್ತು, 1977ರಲ್ಲಿ ಅದನ್ನು ಸರಿಪಡಿಸಲಾಗಿದೆ ಎಂದು ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ಸ್ಪಷ್ಟಪಡಿಸಿದರು. ಅರ್ಧ ಶತಮಾನದ ಹಿಂದೆ ಆವರಣದಲ್ಲಿ ಬಿದ್ದ ಒಂದು ಊರಿನ ಹೆಸರು, ತಿದ್ದುಪಡಿಯಾದ ಮೇಲೂ ಊರಿನ ನಿದ್ದೆಗೆಡಿಸಿತು.

ಇಂಡಿಯಲ್ಲಿ ನಡೆದದ್ದು ಬೇರೆ. ಇಂಡಿ ತಾಲ್ಲೂಕಿನ 41 ಹಾಗೂ ಚಡಚಣ ತಾಲ್ಲೂಕಿನ 3 ಪ್ರಕರಣಗಳಲ್ಲಿ ರೈತರಿಗೆ ಮುಂಚಿತವಾಗಿ ನೋಟಿಸು ನೀಡದೆಯೇ ಉತಾರದ 11ನೇ ಕಾಲಂನಲ್ಲಿ ವಕ್ಫ್ ನಮೂದು ಸೇರಿತ್ತೆಂಬುದು ಅಧಿಕೃತವಾಗಿಯೇ ಹೊರಬಿತ್ತು. ರಾಜ್ಯದೆಲ್ಲೆಡೆ ಪ್ರತಿಭಟನೆ ವ್ಯಾಪಿಸಿದ ಮೇಲೆ, ನವೆಂಬರ್‌ನಲ್ಲಿ ನೋಟಿಸುಗಳನ್ನು ಹಿಂಪಡೆಯಲು ಹಾಗೂ ಅಂಥ ಹಕ್ಕು ಬದಲಾವಣೆಗಳನ್ನು ರದ್ದುಪಡಿಸಲು ಸರ್ಕಾರ ಸೂಚಿಸಿತು.

ಆ ಜಮೀನುಗಳ ಒಡೆತನದ ವಾದವಿವಾದ ಇಲ್ಲಿನ ವಿಷಯವಲ್ಲ. ಅದನ್ನು ನಿರ್ಧರಿಸಲು ನ್ಯಾಯಾಲಯ, ನ್ಯಾಯಮಂಡಳಿಗಳಿವೆ. ಗಮನಿಸಬೇಕಾದದ್ದು ದಾಖಲೆಯ ನಡೆ. 11ನೇ ಕಾಲಂ ಇರುವುದು ಇತರೆ ಹಕ್ಕು ಹಾಗೂ ಋಣಗಳಿಗೆ. ಬ್ಯಾಂಕಿನ ಬೋಜಾ ಕೂರುವುದೂ ಅಲ್ಲಿಯೇ. ಅಲ್ಲೊಂದು ನಮೂದು ಬಿದ್ದರೆ ಮಾಲೀಕನ ಹೆಸರು ಮೇಲೆ ಹಾಗೆಯೇ ಇದ್ದರೂ ಸಾಲ, ಮಾರಾಟ, ವಾಟ್ನಿ ಎಲ್ಲಕ್ಕೂ ಅಡ್ಡಿ. ಇಂಥ ನಮೂದು ನೋಟಿಸಿಲ್ಲದೆ ಒಳಗೆ ಹೋಗಬಲ್ಲದು. ಅದನ್ನು ಹೊರತೆಗೆಯಲು ಮಾತ್ರ ಮೇಲ್ಮನವಿ, ವಿಚಾರಣೆ, ಆದೇಶ, ಕಡೆಗೆ ರಾಜ್ಯ ಸರ್ಕಾರದ ಪತ್ರವೂ ಬೇಕಾಯಿತು.

ನಮ್ಮ ದಾಖಲೆ ವ್ಯವಸ್ಥೆಯ ಮೂಲ ದೋಷ ಇದುವೇ ಆಗಿದೆ. ಕಾವಲುಗಾರ ಹೊರಹೋಗುವ ಬಾಗಿಲಲ್ಲಿ ಕುಳಿತಿದ್ದಾನೆ, ಒಳಬರುವ ಬಾಗಿಲು ತೆರೆದಿದೆ. ಬ್ಯಾಂಕಿನ ಬೋಜಾ ಉದಾಹರಣೆಯಾಗಿ ತೆಗೆದುಕೊಂಡರೂ ಇದೇ ಕಥೆ. ಸಾಲ ಮಂಜೂರಾಗುವಾಗ ಬೋಜಾ ಏರಿಸಲು ಬ್ಯಾಂಕಿಗೆ ಅವಸರವಿರುತ್ತದೆ. ಅದರ ಹಣದ ಭದ್ರತೆ ಅದರಲ್ಲಿದೆ. ಸಾಲ ತೀರಿದ ಮೇಲೆ ಬೋಜಾ ಇಳಿಸುವ ಅವಸರ ರೈತನಿಗೆ ಮಾತ್ರ ಉಳಿಯುತ್ತದೆ. 2018ರ ಸಾಲ ಮನ್ನಾ ಯೋಜನೆಯಲ್ಲಿ ಅರ್ಹರನ್ನು ಗುರುತಿಸಲು ಸರ್ಕಾರ ಭೂದಾಖಲೆ, ಪಡಿತರ ಚೀಟಿ, ಆಧಾರ್ ಮೂರನ್ನೂ ತಾಳೆ ನೋಡಿತ್ತು. ಉತಾರದಲ್ಲಿನ ಒಂದು ನಮೂದು ಎಷ್ಟು ದೂರದವರೆಗೆ ಕೈಚಾಚಬಲ್ಲದು ಎಂಬುದಕ್ಕೆ ಅದೂ ನಿದರ್ಶನ.

ಹಿಂಬಾಗಿಲಿನ ಬೆಲೆ

ತಡೆ ತಪ್ಪಾಗಿದ್ದರೆ ತಂತ್ರಜ್ಞರೇ ಹಿಂದಿನಿಂದ ಸರಿಪಡಿಸಿಬಿಡಲಿ ಎಂಬ ವಾದವೂ ಇದೆ. ಈ ವಾದ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ನಮ್ಮ ಮುಂದಿದೆ. ಅಲ್ಲಿನ ಉಪ ಅಂಚೆ ಕಚೇರಿಗಳಿಗೆ 1999ರಿಂದ ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಬಂತು. ಲೆಕ್ಕದಲ್ಲಿ ಕೊರತೆ ತೋರಿದಾಗಲೆಲ್ಲ ಅಂಚೆ ಪಾಲಕರೇ ಹಣ ನುಂಗಿದ್ದಾರೆಂದು ಮೊಕದ್ದಮೆ ಹೂಡಲಾಯಿತು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರ ಶಾಖೆಯ ಲೆಕ್ಕವನ್ನು ದೂರದಿಂದ ಯಾರೂ ಬದಲಿಸಲಾರರು ಎಂದು ಇಲಾಖೆ ವರ್ಷಗಟ್ಟಲೆ ಹೇಳುತ್ತ ಬಂತು. ಕಂಪನಿಯ ತಂತ್ರಜ್ಞರು ಶಾಖೆಯವರಿಗೆ ತಿಳಿಯದಂತೆಯೇ ದೂರದಿಂದ ಲೆಕ್ಕವನ್ನು ಮುಟ್ಟಬಲ್ಲವರಾಗಿದ್ದರು ಎಂಬುದು 2019ರ ಹೈಕೋರ್ಟ್ ತೀರ್ಪಿನಲ್ಲಿ ಬಯಲಾಯಿತು. ಕೊನೆಗೆ 2024ರಲ್ಲಿ ಸಂಸತ್ತೇ ಕಾಯ್ದೆ ತಂದು ಆ ಶಿಕ್ಷೆಗಳನ್ನು ರದ್ದುಗೊಳಿಸಬೇಕಾಯಿತು.

ಹಿಂಬಾಗಿಲಿನಿಂದ ಬಂದ ತಂತ್ರಜ್ಞರಲ್ಲಿ ಹೆಚ್ಚಿನವರು ದೋಷ ಸರಿಪಡಿಸಲೆಂದೇ ಬಂದವರು. ಆದರೆ ಅವರು ಮುಟ್ಟಿದ್ದು ಯಾವುದು, ಅಂಚೆ ಪಾಲಕ ಬರೆದದ್ದು ಯಾವುದು ಎಂದು ಬೇರ್ಪಡಿಸಿ ತೋರಿಸಲಾಗದ ಸ್ಥಿತಿಯಲ್ಲಿ ದಾಖಲೆಯ ಮೇಲಿನ ನಂಬಿಕೆಯೇ ಕುಸಿಯಿತು. ಉತಾರದ ವಿಷಯದಲ್ಲಿ ಹೀಗಾದರೆ ನಷ್ಟವಾಗುವುದು ಹೊಲ.

ನಮ್ಮ ದೇಶದ ಕಾನೂನು ಈ ಬಗ್ಗೆ ಮೌನವಾಗಿಲ್ಲ. ಅನುಮತಿ ಇಲ್ಲದೆ ಗಣಕದಲ್ಲಿನ ಮಾಹಿತಿಯನ್ನು ಬದಲಿಸುವುದು, ಅಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮಿನಡಿ ಪರಿಹಾರಕ್ಕೆ ಗುರಿಪಡಿಸುತ್ತದೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಅಪರಾಧ. ಒತ್ತಡಕ್ಕೆ ಮಣಿದು ಟ್ರಿಗರ್ ನಿಷ್ಕ್ರಿಯಗೊಳಿಸುವ ಕಿರಿಯ ನೌಕರ, ಬಾಯಿಮಾತಿನ ಸೂಚನೆ ಕೊಟ್ಟ ಮೇಲಧಿಕಾರಿ ನಾಳೆ ಜೊತೆಗೆ ನಿಲ್ಲುತ್ತಾರೆಂದು ನಂಬುವಂತಿಲ್ಲ.

ಸರಿಯಾದ ದಾರಿ ಯಾವುದು?

ಹಾಗೆಂದು ಬೀಗ ಹಾಕಿದ ಬಾಗಿಲಿನ ಮುಂದೆ ರೈತ ಕೂತಿರಬೇಕೆಂದು ಅರ್ಥವಲ್ಲ. ಹಳೆಯ ತಂತ್ರಾಂಶಗಳಲ್ಲಿ ಟ್ರಿಗರ್ ತಡೆಯುವ ಕಡತಗಳನ್ನು ಮುಕ್ತಾಯಗೊಳಿಸಲು ಅನುಭವಿ ತಂತ್ರಜ್ಞರು ಅನುಸರಿಸುವ ಸುರಕ್ಷಿತ ಕ್ರಮಗಳಿವೆ.

ಮೊದಲನೆಯದಾಗಿ, ಟ್ರಿಗರ್ ಏನು ಕೇಳುತ್ತಿದೆ ಎಂಬುದನ್ನು ಓದಬೇಕು. ಬಹಳಷ್ಟು ಸಲ ಅದು ಕೇಳುವ ಮಾಹಿತಿಯೊಂದು ಬಿಟ್ಟುಹೋಗಿರುತ್ತದೆ: ಆದೇಶ ಸಂಖ್ಯೆ, ದಿನಾಂಕ, ಹಿಂದಿನ ಹಂತದ ಅಂಗೀಕಾರ. ಅದನ್ನು ತುಂಬಿದರೆ ಬೀಗ ತಾನಾಗಿಯೇ ತೆರೆಯುತ್ತದೆ. ಎರಡನೆಯದಾಗಿ, ಅಳಿಸುವ ಬದಲು ‘ಮುಕ್ತಾಯ’ ಎಂದು ಗುರುತಿಸಬೇಕು. ಮನೆಯ ಹಿರಿಯರು ಖಾತೆಕಿರ್ದಿಯಲ್ಲಿ ತಪ್ಪು ಬಿದ್ದರೆ ಹಾಳೆ ಹರಿಯುತ್ತಿರಲಿಲ್ಲ. ಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಮಾಡುತ್ತಿದ್ದರು. ಗಣಕದಲ್ಲಿಯೂ ತಪ್ಪು ನಮೂದನ್ನು ಉಳಿಸಿ, ಅದನ್ನು ರದ್ದುಗೊಳಿಸುವ ಹೊಸ ನಮೂದನ್ನು ಸೇರಿಸುವುದೇ ಮೇಲು.

ಮೂರನೆಯದಾಗಿ, ನಿಯಮವೇ ಹಳತಾಗಿದ್ದರೆ ಟ್ರಿಗರ್ ಅನ್ನು ನಿಲ್ಲಿಸದೆ, ಅದರೊಳಗೇ ವಿನಾಯಿತಿಯ ದಾರಿಯನ್ನು ಬರೆಯಬೇಕು. ಯಾವ ಸರ್ವೆ ನಂಬರಿಗೆ, ಯಾವ ಆದೇಶದ ಮೇರೆಗೆ, ಯಾವ ದಿನಾಂಕದವರೆಗೆ ವಿನಾಯಿತಿ ಎಂಬ ಪ್ರತ್ಯೇಕ ಪಟ್ಟಿಯೊಂದನ್ನು ಇಟ್ಟು, ಟ್ರಿಗರ್ ಆ ಪಟ್ಟಿಯನ್ನು ನೋಡಿ ಬಿಡುವಂತೆ ಮಾಡಬೇಕು. ಕಾವಲುಗಾರ ತನ್ನ ಜಾಗದಲ್ಲಿಯೇ ಇರುತ್ತಾನೆ, ಅವನ ಕೈಗೊಂದು ಹೊಸ ಚೀಟಿ ಬರುತ್ತದೆ. ನಾಲ್ಕನೆಯದಾಗಿ, ಅನಿವಾರ್ಯವಾಗಿ ನಿಷ್ಕ್ರಿಯಗೊಳಿಸಲೇಬೇಕಾದರೆ ಅದನ್ನು ಮೊದಲು ದಾಖಲೆಗಳ ನಕಲಿನ ಮೇಲೆ ಪ್ರಯೋಗಿಸಿ, ಬೇರೆ ಯಾರೂ ಕೆಲಸ ಮಾಡದ ಹೊತ್ತಿನಲ್ಲಿ, ಹಿಂದಿನ ಸ್ಥಿತಿಯ ಪ್ರತಿ ತೆಗೆದಿಟ್ಟು, ಇಬ್ಬರ ಸಮಕ್ಷಮ, ಲಿಖಿತ ಆದೇಶದ ಮೇರೆಗೆ ಮಾಡಬೇಕು. ಎಷ್ಟು ಸಾಲುಗಳು ಬದಲಾಗಬೇಕಿತ್ತು, ಎಷ್ಟು ಬದಲಾದವು ಎಂದು ತಾಳೆ ನೋಡಿ, ಕಾವಲನ್ನು ಮರುಸ್ಥಾಪಿಸಿದ ಸಮಯವನ್ನೂ ಬರೆದಿಡಬೇಕು.

ಇವೆಲ್ಲವುಗಳ ಹಿಂದೆ ಇರುವ ತತ್ವ ನಮ್ಮ ಕಂದಾಯ ಕಾನೂನಿಗೆ ಹೊಸದೇನಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 128ನೇ ಕಲಮು ಹಕ್ಕು ಪಡೆದವನು ವರದಿ ಮಾಡಬೇಕೆನ್ನುತ್ತದೆ. 129ನೇ ಕಲಮು ನೋಟಿಸು, ಆಕ್ಷೇಪಣೆ, ವಿವಾದದ ವಿಚಾರಣೆಯ ಕ್ರಮವನ್ನು ಹೇಳುತ್ತದೆ. ಆ ಆದೇಶದ ವಿರುದ್ಧ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, 136(3)ರಡಿ ಜಿಲ್ಲಾಧಿಕಾರಿಗಳ ಪರಿಷ್ಕರಣಾಧಿಕಾರ ಇದೆ. ಸೇರಿಸುವುದಕ್ಕೂ ತೆಗೆಯುವುದಕ್ಕೂ ಹೆಜ್ಜೆಗಳನ್ನು ಶಾಸನ ಮೊದಲೇ ಬರೆದಿಟ್ಟಿದೆ. ಗಣಕ ಅವನ್ನು ಎರಡೂ ಬಾಗಿಲಲ್ಲಿ ಸಮನಾಗಿ ಪಾಲಿಸಿದರೆ ಸಾಕು.

ತಡಮಾಡಲು ಸಮಯವಿಲ್ಲ

ಈ ವಿಷಯಕ್ಕೆ ಈಗ ಇನ್ನಷ್ಟು ತುರ್ತು ಬಂದಿದೆ. ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ, ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಭೂಸ್ವಾಧೀನಕ್ಕೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ದರ ನಿಗದಿ ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಬಸವನ ಬಾಗೇವಾಡಿ ಸೀಮೆಯೂ ಸೇರಿದಂತೆ ಹಿನ್ನೀರಿನ ಸಂತ್ರಸ್ತರಿಗೆ ಈ ಹಣ ತಲುಪಬೇಕಾದರೆ ಜಮೀನು ಯಾರದು, ಎಂಥದ್ದು, ಅದರ ಮೇಲೆ ಯಾವ ಋಣವಿದೆ ಎಂಬುದಕ್ಕೆ ಉತಾರವೇ ಮೊದಲ ಸಾಕ್ಷಿ. ತೀರಿದ ಸಾಲದ ಬೋಜಾ, ಸತ್ತ ಅಜ್ಜನ ಹೆಸರು, ತಪ್ಪು ವಿಸ್ತೀರ್ಣ ಇವೆಲ್ಲ ಅಲ್ಲಿ ಲಕ್ಷಗಳ ಲೆಕ್ಕದ ತಕರಾರುಗಳಾಗುತ್ತವೆ. ಒತ್ತಡ ಹೆಚ್ಚಿದಷ್ಟೂ ಅಡ್ಡದಾರಿಯ ಆಮಿಷವೂ ಹೆಚ್ಚುತ್ತದೆ.

ಆದ್ದರಿಂದ ಕಂದಾಯ ಇಲಾಖೆ ನಾಲ್ಕು ಕೆಲಸಗಳನ್ನು ತಕ್ಷಣ ಕೈಗೊಳ್ಳುವುದು ಅಗತ್ಯ. ಉತಾರದ ಮೇಲೆ ಯಾವುದೇ ನಮೂದು ಅಥವಾ ತಡೆ ಬಿದ್ದ ದಿನವೇ ಖಾತೆದಾರನ ಮೊಬೈಲಿಗೆ ಆದೇಶ ಸಂಖ್ಯೆ ಸಹಿತ ಸಂದೇಶ ಹೋಗಬೇಕು. ನೋಟಿಸು ಜಾರಿಯಾದ ದಾಖಲೆಯಿಲ್ಲದೆ ನಮೂದು ಒಳಗೆ ಹೋಗದಂತೆ ಒಳಬಾಗಿಲಿಗೂ ಕಾವಲು ಬೇಕು. ಗಣಕ ತಡೆದ ಅರ್ಜಿಗೆ ಯಾವ ನಿಯಮದಡಿ ತಡೆಯಾಯಿತು, ಅದನ್ನು ತೆಗೆಯುವ ಅಧಿಕಾರ ಯಾರದು ಎಂಬುದನ್ನು ಬರವಣಿಗೆಯಲ್ಲಿ ಕೊಡಬೇಕು. ಮತ್ತು ತಂತ್ರಜ್ಞರ ಮಟ್ಟದಲ್ಲಿ ನೇರವಾಗಿ ಮಾಡಿದ ತಿದ್ದುಪಡಿಗಳ ಪಟ್ಟಿಯನ್ನು ಪ್ರತಿ ತಿಂಗಳು ತಾಲ್ಲೂಕು ಕಚೇರಿಯ ಸೂಚನಾ ಫಲಕದಲ್ಲಿ ಹಚ್ಚಬೇಕು.

ರೈತರೂ ಮಾಡಬೇಕಾದದ್ದಿದೆ. ಸಾಲ ತೀರಿದ ದಿನವೇ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು ಬೋಜಾ ಇಳಿಸಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ವರ್ಷಕ್ಕೆ ಎರಡು ಸಲವಾದರೂ, ಮುಂಗಾರು ಮತ್ತು ಹಿಂಗಾರು ಬಿತ್ತನೆಗೆ ಮುಂಚೆ, ಉತಾರ ತೆಗೆಸಿ 9 ಮತ್ತು 11ನೇ ಕಾಲಂಗಳನ್ನು ಓದಿಸಿ ಕೇಳಬೇಕು. ‘ಸಿಸ್ಟಮ್ ತಗೊಳ್ಳವಲ್ದು’ ಎಂದರೆ ಅದನ್ನೇ ಹಿಂಬರಹವಾಗಿ ಬರೆದುಕೊಡಿ ಎಂದು ಕೇಳಬೇಕು. ಬರಹದಲ್ಲಿ ಕೊಟ್ಟ ಕಾರಣದ ವಿರುದ್ಧ ಮೇಲ್ಮನವಿ ಹೋಗಬಹುದು. ಬಾಯಿಮಾತಿನ ವಿರುದ್ಧ ಹೋಗಲು ಯಾವ ಕೋರ್ಟೂ ಇಲ್ಲ.

ಭೀಮೆಯಲ್ಲಿ ಮತ್ತೆ ನೀರು ಬರುತ್ತದೆ, ಕೃಷ್ಣೆಯ ಹಿನ್ನೀರೂ ಏರಲಿದೆ. ಅಷ್ಟರೊಳಗೆ ಉತಾರಗಳು ಶುದ್ಧವಾಗಬೇಕು, ಅದೂ ಹಗಲು ಹೊತ್ತಿನಲ್ಲಿ, ಆದೇಶದ ಸಂಖ್ಯೆಯೊಂದಿಗೆ. ಜಿಲ್ಲಾಡಳಿತ ಮತ್ತು ಕಂದಾಯ ಇಲಾಖೆ ಇತ್ತ ಗಮನ ಹರಿಸುವುವೇ ಎಂಬುದನ್ನು ಈ ಭಾಗದ ರೈತರು ಕಾದು ನೋಡುತ್ತಿದ್ದಾರೆ.